ನೂಲು ಹಿಡಿದು ಅಳೆದ ವಿಮಾನದ ದಾರಿ

ಅರವತ್ತರ ದಶಕದ ಆರಂಭ. ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ಆಗಿ ನಾನು ಶಿಡ್ಲಘಟ್ಟಕ್ಕೆ ಬಂದು ವರ್ಷವಾಗಿತ್ತು. ರೈತರಿಗೆ ಹುಳು ಸಾಕುವ ಹೊಸ ಕ್ರಮ ತೋರಿಸುವುದು ನನ್ನ ಕೆಲಸ. ಇಪ್ಪತ್ತೈದರ ವಯಸ್ಸು; ತಿಳಿದಿದ್ದಕ್ಕಿಂತ ಹೇಳುತ್ತಿದ್ದುದೇ ಹೆಚ್ಚು.

ಹತ್ತಿರದ ಹಳ್ಳಿಯ ನಾರಾಯಣಮ್ಮ, ಗಂಡ ತೀರಿಕೊಂಡ ಮೇಲೂ ಒಂದೆಕರೆ ಹಿಪ್ಪುನೇರಳೆ ತೋಟ ಉಳಿಸಿಕೊಂಡಿದ್ದರು. ಅದನ್ನು ಕಿತ್ತು ಆಲೂಗೆಡ್ಡೆ ಹಾಕಬೇಕೆಂದು ಅವರ ಭಾವನ ಹಟ. "ಇದೊಂದು ಬೆಳೆ ನೋಡಿ ಭಾವ, ಆಗ್ದಿದ್ರೆ ಕಿತ್ತಾಕಿ" ಎಂದು ಆಕೆ ನನ್ನೆದುರೇ ಒಪ್ಪಿಕೊಂಡಿದ್ದರು. ದೊಡ್ಡ ಗೂಡು ಕಟ್ಟುವ ಕಾಶ್ಮೀರದ ತಳಿಯ ಮೊಟ್ಟೆ ತರಿಸಿಕೊಡುತ್ತೇನೆಂದು ನಾನು ಮಾತು ಕೊಟ್ಟೆ. ಅದನ್ನು ನಂಬಿ, ಊರವರೆಲ್ಲ ತಂದ ಮಾಮೂಲಿ ಮೊಟ್ಟೆಯನ್ನು ಆಕೆ ಆ ಸಲ ತರಲಿಲ್ಲ.

ರೈಲಿನ ಸೆಕೆಗೆ ಮೊಟ್ಟೆ ಕೆಡುತ್ತದೆಂದು ವಿಮಾನದಲ್ಲಿ ಕಳಿಸಲು ಶ್ರೀನಗರದ ರೇಷ್ಮೆ ಇಲಾಖೆಗೆ ಬರೆದೆ. ಎಷ್ಟು ಹೊತ್ತಿನ ದಾರಿ? ಭೂಪಟದ ಮೇಲೆ ಶ್ರೀನಗರದಿಂದ ಬೆಂಗಳೂರಿಗೆ ರೇಷ್ಮೆ ನೂಲು ಹಿಡಿದು ಅಳೆದೆ. ಸುಮಾರು 1,500 ಮೈಲಿ. ವಿಮಾನ ಗಂಟೆಗೆ 200 ಮೈಲಿ ಹೋಗುತ್ತದೆಂದು ಎಲ್ಲೋ ಓದಿದ್ದೆ. ಏಳೂವರೆ ಗಂಟೆ, ಬೆಂಗಳೂರಿನಿಂದ ಬಸ್ಸಿಗೆ ಇನ್ನು ಮೂರು. ಅರ್ಧ ದಿನವೂ ಆಗಲಿಲ್ಲ. ಹಾಗಾಗಿ, ಬಂದ ಕೂಡಲೇ ಸಾಕಣೆ ಶುರುವಾಗಲೆಂದು, ಒಡೆಯದಂತೆ ತಣ್ಣಗಿಡುವ ಕೋಲ್ಡ್ ಸ್ಟೋರೇಜಿನಿಂದ ಮೊದಲೇ ತೆಗೆದಿಟ್ಟು, ಇನ್ನೆರಡು ದಿನದಲ್ಲಿ ಒಡೆಯುವ ಮೊಟ್ಟೆಯನ್ನೇ ಕಳಿಸಿ ಎಂದೂ ಸೇರಿಸಿದೆ. ಅಂಥ ಬೆಪ್ಪುತಕ್ಕಡಿ ನಾನು.

ನನ್ನ ಲೆಕ್ಕ ಕೇಳಿದ ನಾರಾಯಣಮ್ಮ, "ಮಧ್ಯ ಎಲ್ಲೂ ನಿಲ್ಲಲ್ವಾ ಸ್ವಾಮಿ? ನಮ್ಮ ಚಿಂತಾಮಣಿ ಬಸ್ಸು ಮರ ಕಂಡಲ್ಲೆಲ್ಲ ನಿಲ್ತದೆ" ಎಂದರು.

"ಅದು ಬಸ್ಸಲ್ಲ ಕಣಮ್ಮ, ವಿಮಾನ" ಎಂದು ನಕ್ಕೆ.

ವಿಮಾನ ನಿಂತಿತು. ಕಾಶ್ಮೀರದ ಮೋಡಕ್ಕೆ ಹೊರಡುವುದೇ ತಡವಾಗಿ, ದೆಹಲಿಯಲ್ಲಿ ಮುಂದಿನ ವಿಮಾನ ತಪ್ಪಿತು. ಮೊಟ್ಟೆಯ ಬುಟ್ಟಿ ಅಲ್ಲೇ ಕಾಯಿತು. ಆಮೇಲೆ ನಾಗಪುರದಲ್ಲಿ ಬದಲಿ, ಮದರಾಸಿನಲ್ಲಿ ಇನ್ನೊಂದು. ನೇರ ವಿಮಾನವೇ ಇರಲಿಲ್ಲ. ನಾನು ವಿಚಾರಿಸಿಯೂ ಇರಲಿಲ್ಲ.

ನಾಲ್ಕನೆಯ ದಿನ ಬುಟ್ಟಿ ಹಿಡಿದು ಹೋದೆ. ನಾರಾಯಣಮ್ಮ ಗೋಡೆಗೆ ಸುಣ್ಣ ಬಳಿದು, ಹುಳು ಸಾಕುವ ತಟ್ಟೆ ತೊಳೆದು, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿಟ್ಟು ಕಾಯುತ್ತಿದ್ದರು. ಮುಚ್ಚಳ ತೆಗೆದೆ. ಮರಿಗಳು ದಾರಿಯಲ್ಲೇ ಹೊರಬಂದು, ಮೇವಿಲ್ಲದೆ ಸತ್ತು ಕಾಗದಕ್ಕೆ ಅಂಟಿಕೊಂಡಿದ್ದವು.

ಆಕೆ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹೆಚ್ಚಿದ ಸೊಪ್ಪನ್ನು ಹಸುವಿನ ಮುಂದೆ ಸುರಿದು ಬಂದು, "ಎಲ್ಲೆಲ್ಲಿ ನಿಂತಿತ್ತಂತೆ ಸ್ವಾಮಿ?" ಎಂದು ಮೆಲ್ಲಗೆ ಕೇಳಿದರು. ತಲೆ ತಗ್ಗಿಸಿ ಊರುಗಳ ಹೆಸರು ಹೇಳಿದೆ.

ಮುಂದಿನ ವಾರ ಆ ದಾರಿಯಲ್ಲಿ ಹೋಗುವಾಗ ನೋಡಿದೆ, ಕಿತ್ತ ಹಿಪ್ಪುನೇರಳೆಯ ಬೇರುಗಳು ಬದುವಿನ ಮೇಲೆ ಒಣಗುತ್ತಿದ್ದವು.

ಆಮೇಲೆ ಮೂವತ್ತು ವರ್ಷ ನೌಕರಿ ಮಾಡಿದೆ. ಎಷ್ಟು ದೂರ ಎನ್ನುವ ಮೊದಲು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಕೇಳುವುದನ್ನು ಕಲಿತೆ. ಆ ದಿನ ಆಕೆಯ ಮಾತಿಗೆ ನಗದೆ ಬೆಂಗಳೂರಿನ ವಿಮಾನ ಕಚೇರಿಗೆ ಒಂದು ಟ್ರಂಕ್ ಕಾಲ್ ಮಾಡಿದ್ದರೆ ಸಾಕಿತ್ತು, ತೋಟ ಉಳಿಯುತ್ತಿತ್ತು.