ಕತ್ತು ಬಗ್ಗಿಸಿದ ಮೇಲೆ ಸಿಕ್ಕ ಕಾಯಿಲೆ

ಇಪ್ಪತ್ತು ವರ್ಷದ ಹುಡುಗ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಅಮ್ಮನ ಮುಂದೆ ಬಂದು ನಿಂತರೆ ಮನೆಯಲ್ಲಿ ಯಾರಿಗೆ ತಾನೇ ಊಟ ಸೇರುತ್ತದೆ?

ಹುಡುಗ ನಮ್ಮಕ್ಕನ ಮಗ ನಾಗೇಶ. ಶಿಡ್ಲಘಟ್ಟದಲ್ಲಿ ಅವರದು ಪುಟ್ಟದೊಂದು ರೇಷ್ಮೆ ರೀಲಿಂಗ್ ಯೂನಿಟ್. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹಿಡಿದು ಕೊಡುವುದರಲ್ಲಿ ಅವನ ಕೈ ಭಾರೀ ಚುರುಕು. ಆ ಬಲಗೈಯೇ ಸೊರಗುತ್ತಾ ಬಂತು. ನೋವಿಲ್ಲ, ಆದರೆ ಬೆರಳಲ್ಲಿ ಬಲವೂ ಇಲ್ಲ.

"ಬಿಸಿನೀರಲ್ಲಿ ಅದ್ದಿ ಅದ್ದಿ ನರ ಬೆಂದೋಗಿದೆ ಕಣೋ," ಎಂದಳು ಅಕ್ಕ. ಬೀದಿಯವರೆಲ್ಲ ಹೌದೌದು ಎಂದರು. (ನಾನೂ ಎಂದೆ. ನನಗೇನು ಗೊತ್ತಿತ್ತು?) ಅವನನ್ನು ಬಿಸಿನೀರಿನ ಬೇಸಿನ್ ಹತ್ತಿರ ಸುಳಿಯಲೂ ಬಿಡಲಿಲ್ಲ. "ಮಾಮ, ಬಿಸಿನೀರಲ್ಲಿದ್ರೇನೇ ಬೆರಳು ಆಡ್ತವೆ. ಚಳೀಲಿ ಆಚೆ ಬಂದ್ರೆ ಆಡಲ್ಲ," ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಕತ್ತಿನ ಎಂಆರ್‌ಐ ಮಾಡಿಸಿದೆವು. ನಾರ್ಮಲ್! ಸಂತೋಷಪಡಬೇಕಿತ್ತು. ಆದರೆ ಕೈ ಸೊರಗುವುದು ನಿಲ್ಲಬೇಕಲ್ಲ? ನಾನೋ ಮೊಬೈಲ್‌ನಲ್ಲಿ ಹುಡುಕಿ, ಕೈಯಿಂದ ಶುರುವಾಗಿ ಉಸಿರಾಟದವರೆಗೂ ಹಬ್ಬುವ ಕಾಯಿಲೆಯೊಂದರ ಬಗ್ಗೆ ಓದಿ, ಯಾರಿಗೂ ಹೇಳದೆ ಒಳಗೊಳಗೇ ಬೆವರುತ್ತಿದ್ದೆ.

ಬೆಂಗಳೂರಿನ ನರರೋಗದ ಡಾಕ್ಟರಮ್ಮ ಹಳೆಯ ಫಿಲ್ಮ್ ನೋಡಿದರು. "ಇದು ನೆಟ್ಟಗೆ ಮಲಗಿಸಿ ತೆಗೆದಿರೋದು. ಕತ್ತು ಬಗ್ಗಿಸಿ ಇನ್ನೊಂದ್ಸಲ ತೆಗೀಬೇಕು," ಎಂದರು.

ಮತ್ತೆ ಸ್ಕ್ಯಾನು. ಮೈಮೇಲೆ ಲೋಹ ಇರಬಾರದು. ಅಕ್ಕ ಕಟ್ಟಿಸಿದ್ದ ತಾಯತ, ಬೆಳ್ಳಿ ಉಡಿದಾರ ಎಲ್ಲ ಬಿಚ್ಚಿಸಿದರು. "ಕಾಪಾಡ್ಬೇಕಾದ ಟೈಮಲ್ಲೇ ಬಿಚ್ಚಿಸ್ತಾರಲ್ಲೋ!" ಎಂದು ಗೊಣಗುತ್ತಾ ಅವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಒಳಗೆ ನಾಗೇಶ ಗದ್ದವನ್ನು ಎದೆಗೊತ್ತಿ ಮಲಗಿದ. ಮಷಿನ್ನಿನ ಗಡಗಡ ಹೊರಗಿನ ಬೆಂಚಿಗೂ ಕೇಳುತ್ತಿತ್ತು. ನನ್ನ ಕೈ ಹಿಡಿದ ಅಕ್ಕ ಬಿಡಲೇ ಇಲ್ಲ.

ಸಿಕ್ಕಿತು! ಕತ್ತು ಬಗ್ಗಿದಾಗ ಮಾತ್ರ ಬೆನ್ನುಹುರಿಯ ಹೊದಿಕೆ ಮುಂದಕ್ಕೆ ಸರಿದು ಹುರಿಯನ್ನು ಒತ್ತುತ್ತಿತ್ತು. ಬಿಸಿನೀರು ಪಾಪ ಏನೂ ಮಾಡಿರಲಿಲ್ಲ; ಚಳಿಗೆ ಬೆರಳು ಆಡದಿರುವುದೂ ಇದರದೇ ಗುರುತಂತೆ. ಅಪರೂಪದ ಕಾಯಿಲೆಯಂತೆ, ಈ ವಯಸ್ಸಿನ ಹುಡುಗರಿಗೇ ಹೆಚ್ಚಂತೆ. ಹೆಸರು ಜಪಾನಿನದು, ಅಕ್ಕನ ನಾಲಿಗೆ ಇನ್ನೂ ಹೊರಳಿಲ್ಲ.

"ಜೀವಕ್ಕೆ?" ಎಂದಳು ಅಕ್ಕ. ಅಷ್ಟೇ ಕೇಳಲಾಗಿದ್ದು.

"ಜೀವಕ್ಕೇನೂ ಇಲ್ಲಮ್ಮ. ಕತ್ತಿಗೆ ಕಾಲರ್ ಹಾಕ್ಕೊಂಡಿರ್ಲಿ, ಬಗ್ಗಿಸೋದು ಬೇಡ. ಸೊರಗಿರೋದು ಪೂರ್ತಿ ವಾಪಸ್ ಬರದೇ ಇರ್ಬೋದು. ಆದ್ರೆ ಇಲ್ಲಿಗೇ ನಿಲ್ಲೋ ಚಾನ್ಸ್ ಚೆನ್ನಾಗಿದೆ."

ನಾನು ಕಾರಿಡಾರಿನಲ್ಲಿ ನಿಂತು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಅಷ್ಟು ದೊಡ್ಡ ಮಷಿನ್ನೂ ತೋರಿಸಿದ್ದನ್ನಷ್ಟೇ ನೋಡುತ್ತದೆ. ಹೇಗೆ ತೋರಿಸಬೇಕೆಂದು ಯೋಚಿಸಲು ಮನುಷ್ಯರೇ ಬೇಕು. ರಿಪೋರ್ಟ್ ನಾರ್ಮಲ್ ಎಂದ ಕೂಡಲೇ ‘ನಿನಗೇನೂ ಆಗಿಲ್ಲ, ಬರೀ ಸೋಮಾರಿತನ’ ಎಂದು ಎಷ್ಟು ಜನರ ಬಾಯಿ ಮುಚ್ಚಿಸಿದ್ದೇವೋ!

ಮೊನ್ನೆ ಚಿಂತಾಮಣಿಯಲ್ಲಿ ನಂಟರ ಮದುವೆ. ನಮ್ಮ ಸೋದರತ್ತೆ ಕುರ್ಚಿಯಲ್ಲಿ ಕಾಲು ಮುಂದಿಟ್ಟುಕೊಂಡು ಕೂತಿದ್ದರು. ನಾಗೇಶ ಕಾಲರ್ ಸಮೇತ ನೆಟ್ಟಗೆ ನಿಂತು ಕೈಮುಗಿದ.

"ಏನೇ, ನಿನ್ ಮಗ ದೊಡ್ಡೋರ ಕಾಲಿಗೆ ಬೀಳಲ್ವಾ?"

"ಬೀಳೋ ಹಂಗಿಲ್ಲ ಅತ್ತೆ, ಡಾಕ್ಟರ್ ಆರ್ಡರು!" ಎಂದು ಅಕ್ಕ ಛತ್ರಕ್ಕೆಲ್ಲ ಕೇಳುವಂತೆ ಹೇಳಿ ನಕ್ಕಳು. ಎಷ್ಟು ತಿಂಗಳಾಗಿತ್ತು ಅವಳು ಹಾಗೆ ನಕ್ಕು!

"ಅಯ್ಯೋ ನಾಯನಾ," ಎನ್ನುತ್ತಾ ಅತ್ತೆಯೇ ಎದ್ದು ಬಂದು ಅವನ ಕೆನ್ನೆ ಸವರಿದರು.

ಆಶೀರ್ವಾದವನ್ನು ಎದ್ದು ಬಂದೂ ಮಾಡಬಹುದೆಂದು ನಮ್ಮ ಹಿರಿಯರಿಗೆ ತಿಳಿಯಲು ಎಂಆರ್‌ಐ ಬೇಕಾಯಿತೇ?