ಕೋಚ್‌ಗೆ ಶಾಲು ಹೊದಿಸಿದ ಸಂಜೆ

ಶಾಲು ಕೆಂಪು ಬಣ್ಣದ್ದೆಂದು ನನ್ನ ನೆನಪು. ಮಗಳು ಹಸಿರು ಎನ್ನುತ್ತಾಳೆ. ಕೋಚ್‌ಗೆ ಪೆಟ್ಟಾಗಿದ್ದ ಮಂಡಿ ಎಡಗಾಲಿನದೋ ಬಲಗಾಲಿನದೋ, ಅದೂ ಈಗ ಖಚಿತವಿಲ್ಲ. ಆ ದಿನದ ಡೈರಿ ತೆಗೆದರೆ ಅಲ್ಲಿರುವುದು ನೀರುದೋಸೆ ಎಲ್ಲರಿಗೂ ಸಾಕಾಗಲಿಲ್ಲ ಎಂಬ ಒಂದೇ ಸಾಲು. ನನಗೆ ಅನುಕೂಲವಾದದ್ದನ್ನಷ್ಟೇ ನಾನು ಬರೆದಿಡುತ್ತೇನೇನೋ ಎಂಬ ಗುಮಾನಿ ಇತ್ತೀಚೆಗೆ ಶುರುವಾಗಿದೆ. ಹಾಗಾಗಿ ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಭಾವನವರು ವೇದಿಕೆಯಲ್ಲಿ ಆಡಿದ ಮಾತು ಮಾತ್ರ ತಪ್ಪಿಲ್ಲ. ಅದಕ್ಕೆ ಸಭಾಂಗಣದ ತುಂಬ ಸಾಕ್ಷಿಗಳಿದ್ದರು.

ಕೋಚ್ ಸೌದಿಯ ರಾಬಿಗ್‌ನಲ್ಲಿರುವ ನಮ್ಮ ವಸತಿ ಕಾಂಪೌಂಡಿಗೆ ಬಂದದ್ದು ಹುಡುಗಿಯರಿಗೆ ಫುಟ್‌ಬಾಲ್ ಕಲಿಸಲು. ಕೆನಡಾದವರು. ಆಡುವ ಕಾಲದಲ್ಲಿ ಮಿಡ್‌ಫೀಲ್ಡರ್, ಮೈದಾನದ ನಡುವೆ ಆಡುವವರು. ಚಳಿಗಾಲದಲ್ಲಿ ಮೈದಾನವೆಲ್ಲ ಹಿಮ ಮುಚ್ಚುವ ಊರು ಅವರದ್ದು. ಸೂರಿನ ಕೆಳಗೆ, ಹುಡುಗರ ಜೊತೆ ಆಡಿ ಕಲಿತವರು. ಆಮೇಲೆ ವಿಶ್ವವಿದ್ಯಾಲಯದ ತಂಡ, ಆಮೇಲೆ ದೇಶದ ತಂಡ. ದೇಶಕ್ಕೆ ಆಡಿದ್ದು ಕೆಲವೇ ಪಂದ್ಯ, ಹೆಚ್ಚಿನವು ಬದಲಿ ಆಟಗಾರ್ತಿಯಾಗಿ. ಯುರೋಪಿನ ಒಂದು ಸಣ್ಣ ಕ್ಲಬ್ಬಿನಲ್ಲಿದ್ದಾಗ ಮಂಡಿ ಕೈಕೊಟ್ಟಿತು. ಅಲ್ಲಿಂದ ಕೋಚ್. ಇದನ್ನೆಲ್ಲ ಅವರು ಬೇಲಿಯ ಹೊರಗೆ ನಿಂತ ನಮಗೆ, ತಾಯಂದಿರಿಗೆ, ಬೇರೆ ಯಾರದೋ ಕಥೆ ಹೇಳುವಂತೆ ನಗುತ್ತಾ ಹೇಳಿದ್ದರು.

ನನ್ನ ಮಗಳನ್ನೂ ಅವರು ಮಿಡ್‌ಫೀಲ್ಡಿನಲ್ಲೇ ನಿಲ್ಲಿಸಿದರು. ಚೆಂಡು ಕಾಲಿಗೆ ಬರುವ ಮೊದಲೇ ತಿರುಗಿ ಹಿಂದೆ ಯಾರಿದ್ದಾರೆ ನೋಡಿಕೊಂಡಿರಬೇಕು ಎನ್ನುವುದು ಅವರ ಮೊದಲ ಪಾಠ. ಹುಡುಗಿ ಮನೆಯಲ್ಲೂ ಅದನ್ನೇ ಮಾಡತೊಡಗಿದಳು. ನೀರು ಬಗ್ಗಿಸುವಾಗಲೂ ಭುಜದ ಮೇಲಿಂದ ಒಂದು ನೋಟ.

ದೂರದ ತಬೂಕ್ ನಗರದಲ್ಲಿ ಪಂದ್ಯಾವಳಿ ಎಂದು ಗೊತ್ತಾದಾಗ ಮೊದಲು ಬೇಡವೆಂದದ್ದು ಭಾವ, ನನ್ನ ಗಂಡನ ಅಣ್ಣ. ನನ್ನ ಗಂಡನನ್ನು ಈ ಕೆಲಸಕ್ಕೆ ಕರೆಸಿಕೊಂಡವರು ಅವರೇ. ನಮ್ಮ ಮನೆಯಲ್ಲಿ ಅವರು ಬೇಡವೆಂದರೆ ಬೇಡ.

"ಜಿದ್ದಾದಿಂದ ವಿಮಾನ, ಅಲ್ಲಿ ಹೋಟೆಲು. ಎಂತ, ತಲೆ ಸರಿ ಉಂಟಾ ನಿಮಗೆ? ನಿಮ್ಮ ಮೈಸೂರಲ್ಲಿ ಹೀಗೆಲ್ಲ ಕಳಿಸ್ತಾರೇನೋ, ನಮ್ಮಲ್ಲಿ ಇಲ್ಲ."

ಗಂಡ ತಟ್ಟೆ ನೋಡುತ್ತಾ ಅನ್ನ ಕಲಸಿದರು. ಮಗಳು ಎದ್ದು ಹೋದಳು.

ಅದಾದ ಮುಂದಿನ ವಾರವೇ ನಮ್ಮ ಕನ್ನಡಿಗರ ಕೂಟದ ವಾರ್ಷಿಕೋತ್ಸವ. ಭಾವನೇ ಅಧ್ಯಕ್ಷರು. ನಮ್ಮವರ ಯಾವ ಕಾರ್ಯಕ್ರಮವೂ ಸನ್ಮಾನವಿಲ್ಲದೆ ಮುಗಿಯುವುದಿಲ್ಲ: ಶಾಲು, ಪೇಟ, ಹಣ್ಣಿನ ಬುಟ್ಟಿ, ಸನ್ಮಾನಪತ್ರ. ಈ ಸಲ ಕೆನಡಾದ ಕೋಚ್ ಎಂದು ತೀರ್ಮಾನವಾಯಿತು. ಪತ್ರ ಬರೆಯುವ ಕೆಲಸ ಎಂ.ಎ. ಮಾಡಿದ ನನ್ನ ಪಾಲಿಗೆ ಬಂತು. ಕೇಳಿದ್ದನ್ನು ಕೇಳಿದಂತೆ ಬರೆದು ಭಾವನಿಗೆ ತೋರಿಸಿದೆ.

"ಇದೆಂತದು? ಬದಲಿ ಆಟಗಾರ್ತಿ ಅಂತ ಬರೆದರೆ ಅವರಿಗೆ ಅವಮಾನ ಅಲ್ವಾ ಮಾರಾಯ್ತಿ? ಸ್ವಲ್ಪ ಏರಿಸು."

ಏರಿಸಿದೆ. 'ಕೆನಡಾ ತಂಡದ ಬೆನ್ನೆಲುಬು' ಎಂದು ವೇದಿಕೆಯಲ್ಲಿ ನಾನೇ ಓದಿದೆ. ಪೇಟ ತೊಟ್ಟು ಕುಳಿತ ಕೋಚ್‌ನ ಹಿಂದೆ ಜೆರ್ಸಿ ಹಾಕಿಕೊಂಡು ನಿಂತ ಮಗಳು ಅದನ್ನು ಅವರ ಕಿವಿಯಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು. ಕೋಚ್ ಹುಬ್ಬೇರಿಸಿದರು. ತಮ್ಮ ಸರದಿ ಬಂದಾಗ, "ಬೆನ್ನೆಲುಬು ಹೆಚ್ಚಿನ ಹೊತ್ತು ಬೆಂಚಿನ ಮೇಲೆಯೇ ಕೂತಿತ್ತು" ಎಂದರು. ಇಂಗ್ಲಿಷ್ ಬಲ್ಲವರೆಲ್ಲ ನಕ್ಕರು.

ಆಮೇಲೆ ಭಾವ ಮೈಕ್ ಹಿಡಿದರು. "ನನ್ನ ತಮ್ಮನ ಮಗಳು ತಬೂಕ್‌ಗೆ ಹೋಗ್ತಾಳೆ, ಕಪ್ ಹಿಡ್ಕೊಂಡು ಬರ್ತಾಳೆ. ಇದು ಈ ಮೇಡಂಗೆ ನಾನು ಕೊಡುವ ಮಾತು!"

ದೊಡ್ಡ ಚಪ್ಪಾಳೆ. ನಾನೂ ತಟ್ಟಿದೆ. ನಮ್ಮಲ್ಲಿ ಯಾರೂ ಅದನ್ನು ನಂಬಿರಲಿಲ್ಲ. ಇಂಥ ವೇದಿಕೆಗಳಲ್ಲಿ ಸಭಾಭವನ, ಗ್ರಂಥಾಲಯ, ಊರಿನ ಶಾಲೆಗೊಂದು ಕೋಣೆ, ಏನೇನೋ ಘೋಷಣೆಯಾಗುತ್ತವೆ. ಊಟದ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಅದು ನಮಗೆ ಗೊತ್ತು. ಕೋಚ್‌ಗೆ ಹೇಗೆ ಗೊತ್ತಾಗಬೇಕು? ಮಗಳು ಬಗ್ಗಿ ಏನೋ ಹೇಳಿದಳು. ಅವರು ತಿರುಗಿ ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು.

ಮರುದಿನ ತಾಯಂದಿರ ಗ್ರೂಪಿನಲ್ಲಿ ಕೋಚ್ ಸಂದೇಶ ಹಾಕಿದರು: ದೊಡ್ಡಪ್ಪನವರೇ ಎಲ್ಲರೆದುರು ಒಪ್ಪಿದ್ದರಿಂದ ಇವಳನ್ನು ತಂಡಕ್ಕೆ ಸೇರಿಸಿದ್ದೇನೆ, ಇವಳ ಜಾಗಕ್ಕೆಂದು ಇಟ್ಟುಕೊಂಡಿದ್ದ ಈಜಿಪ್ಟಿನ ಹುಡುಗಿ ಮುಂದಿನ ಸಲ ಬರಲಿ. ನಾನು ಹೆಬ್ಬೆರಳಿನ ಚಿತ್ರ ಒತ್ತಿದೆ. ಸೌಜನ್ಯಕ್ಕೆ ಒತ್ತಿದ್ದು ಎಂದುಕೊಳ್ಳುತ್ತೇನೆ. ಒಂದು ವೇಳೆ ಮಾತು ನಿಜವೇ ಆಗಿಬಿಡಲಿ ಎಂಬ ಆಸೆಯೂ ಇತ್ತೇ? ಆ ಆಸೆಯನ್ನು ಈಚೆಗೆ ನಾನೇ ಸೇರಿಸಿಕೊಂಡಿರಲೂಬಹುದು.

ಭಾವನವರನ್ನು ಕೇಳಿದಾಗ ಅವರಿಗೆ ಸಿಟ್ಟು ಕೂಡ ಬರಲಿಲ್ಲ. "ಸ್ಟೇಜಲ್ಲಿ ಹೇಳಿದ್ದನ್ನು ಮನೆಗೆ ತರ್ತಾರಾ ಯಾರಾದ್ರೂ? ನೀನೊಬ್ಬಳು!" ಗಂಡನೂ ನಕ್ಕರು. ಎಷ್ಟೋ ಸಲ ನಾನೂ ಹಾಗೆ ನಕ್ಕಿದ್ದೇನೆ.

ಕೋಚ್‌ಗೆ ಅವತ್ತೇ ಹೇಳಬೇಕಿತ್ತು. ಹೇಳಬೇಕಾದರೆ, ನಮ್ಮವರು ನಿಮಗೆ ಶಾಲು ಹೊದಿಸಿ ಆಡಿದ ಮಾತಿಗೆ ಬೆಲೆಯಿಲ್ಲ ಎಂದೇ ಹೇಳಬೇಕು. ನಾಳೆ ಹೇಳೋಣ ಎಂದು ದಿನಗಳು ಕಳೆದವು. ಸೂಪರ್‌ಮಾರ್ಕೆಟ್ಟಿನಲ್ಲಿ ಈಜಿಪ್ಟಿನ ಹುಡುಗಿಯ ತಾಯಿ ಸಿಕ್ಕು, "ಮಬ್ರೂಕ್, ಅಭಿನಂದನೆ, ನಿಮ್ಮ ಮಗಳು ಚೆನ್ನಾಗಿ ಆಡ್ತಾಳೆ" ಎಂದು ನನ್ನನ್ನು ತಬ್ಬಿಕೊಂಡರು. ಕೈಯಲ್ಲಿದ್ದ ಖುಬೂಸ್ ರೊಟ್ಟಿಯ ಪೊಟ್ಟಣ ನಜ್ಜುಗುಜ್ಜಾಯಿತು. ಆಗಲೂ ಹೇಳಲಿಲ್ಲ.

ಹೊರಡುವ ಬೆಳಿಗ್ಗೆ, ವ್ಯಾನು ಗೇಟಿನ ಹತ್ತಿರ ನಿಂತಿರುವಾಗ, ಮಗಳಿಗೆ ಜ್ವರ ಎಂದು ಸಂದೇಶ ಕಳಿಸಿದೆ. ಈಜಿಪ್ಟಿನ ಹುಡುಗಿಯನ್ನು ಕರೆಯಲು ಹೊತ್ತು ಮೀರಿತ್ತು. ಮಗಳು ತನ್ನ ಕೋಣೆಯಲ್ಲಿ ಬೂಟುಗಳ ಲೇಸು ಬಿಚ್ಚಿ, ಮತ್ತೆ ಪೋಣಿಸುತ್ತಾ ಕುಳಿತಿದ್ದಳು. ಹಿಂದಿನ ದಿನ ತಾನೇ ಚೀಲ ತುಂಬಿಟ್ಟುಕೊಂಡಿದ್ದಳು. ತುಂಬುವುದನ್ನು ನಾನು ನೋಡಿದ್ದೆ.

ತಂಡ ಸೋತು ಬಂತು. ಬಂದ ಸಂಜೆಯೇ ಕೋಚ್ ಕಿತ್ತಳೆಯ ಚೀಲ ಹಿಡಿದು ನಮ್ಮ ಮನೆಗೆ ಬಂದರು. ಬಾಗಿಲು ತೆಗೆದದ್ದು ಮಗಳು. ಅಂಗಳದಲ್ಲಿ ಚೆಂಡು ತಟ್ಟಿ ಆಗತಾನೇ ಒಳಬಂದಿದ್ದಳು, ಮುಖವೆಲ್ಲ ಬೆವರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟೆ.

"ಜ್ವರ ಹೇಗಿದೆ?" ಎಂದು ಕೋಚ್ ಕೇಳಿದರು.

ಮಗಳು ಭುಜದ ಮೇಲಿಂದ ತಿರುಗಿ ನನ್ನನ್ನು ನೋಡಿದಳು. "ಬೆಟರ್ ನೌ, ಕೋಚ್," ಎಂದಳು.

ಕೋಚ್ ಅವಳ ಹಣೆ ಮುಟ್ಟಲಿಲ್ಲ, ಹೆಚ್ಚು ಕೇಳಲೂ ಇಲ್ಲ. ಮೈದಾನದ ನಡುವೆ ಆಡುವವರು ಯಾರೂ ಇರಲಿಲ್ಲ, ಚೆಂಡೆಲ್ಲ ನಮ್ಮ ತಲೆ ದಾಟಿಯೇ ಹೋಗುತ್ತಿತ್ತು ಎಂದಷ್ಟೇ ಹೇಳಿ, ಕಿತ್ತಳೆ ಕೊಟ್ಟು ಹೊರಟರು. ಮೆಟ್ಟಿಲಿಳಿಯುವಾಗ ಒಂದು ಕಾಲನ್ನು ಎಳೆಯುತ್ತಿದ್ದರು.

ನನ್ನ ಸುಳ್ಳಿಗೆ ಹದಿಮೂರರ ಮಗಳು ಒತ್ತಾಸೆಯಾದಳಲ್ಲ, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಕಿತ್ತಳೆ ಸುಲಿಯುತ್ತಾ ಅವಳನ್ನು ಕೇಳಿದೆ: "ಅವತ್ತು ಸ್ಟೇಜಿನಲ್ಲಿ ದೊಡ್ಡಪ್ಪ ಹೇಳಿದ್ದನ್ನ ಕೋಚ್ ಕಿವಿಯಲ್ಲಿ ಹೇಳಿದೆಯಲ್ಲ, ನೀನು ಅದನ್ನ ನಂಬಿದ್ದೆಯಾ?"

ಅವಳು ತೊಳೆಗಳನ್ನು ಬಿಡಿಸಿ ನನ್ನ ತಟ್ಟೆಗೆ ಹಾಕಿ, ಚೆಂಡು ಎತ್ತಿಕೊಂಡು ಹೊರಗೆ ಹೋದಳು. ಆಮೇಲೆ ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಚೆಂಡು ಎತ್ತಿಕೊಂಡು ಹೊರಟಳು.