ಟ್ಯಾಂಕಿಗೆ ಕಣ್ಣು ಬರೆದ ಬಾಬಣ್ಣ

ಮಿತ್ರರೇ, ಹತ್ತು ವರ್ಷದ ಹಿಂದೆ, ಎಪ್ಪತ್ತೊಂದರ ಯುದ್ಧದಲ್ಲಿ ಹೋರಾಡಿದ ಸೆಂಚೂರಿಯನ್ ಟ್ಯಾಂಕನ್ನು ಮೊಳದುದ್ದಕ್ಕೆ ಮರದಲ್ಲಿ ಮಾಡಿ, ಬಣ್ಣ ಹಚ್ಚಲು ಕಾಪುವಿನಲ್ಲಿ ಗಣಪತಿ ಮಾಡುವ ಬಾಬಣ್ಣನಿಗೆ ಕೊಟ್ಟಿದ್ದೆ. ಪ್ರದರ್ಶನ ಮಣಿಪಾಲದಲ್ಲಿ. ಅದರ ಹಿಂದಿನ ದಿನ ಅವಸರದಲ್ಲಿ ಚಪ್ಪಲಿ ಹಾಕಿಕೊಂಡೇ ಅವರ ಚಾವಡಿಗೆ ನುಗ್ಗಿದೆ. ಎಲ್ಲ ಮುಗಿದಿತ್ತು, ಮುಂದಿನ ಎರಡು ದೀಪ ಮಾತ್ರ ಖಾಲಿ.

"ಇದೆಂತ ಬಾಬಣ್ಣ, ಬಾಕಿ ಉಂಟಲ್ಲ?"

"ಕಣ್ಣು ಕೊನೆಗೆ ಬರೆಯುವುದು ಮಾರಾಯ."

"ಇದು ದೇವರಲ್ಲ, ಟ್ಯಾಂಕು!" ಎಂದು ರೇಗಿದೆ.

"ನೀನು ಸ್ವಲ್ಪ ಸುಮ್ಮನಿರು" ಎಂದವರೇ ಉಸಿರು ಬಿಗಿಹಿಡಿದು, ಕುಂಚದ ತುದಿಯಿಂದ ದೀಪಕ್ಕೊಂದರಂತೆ ಬಿಳಿ ಚುಕ್ಕೆ ಇಟ್ಟರು. ನಾನೇ ಕೊರೆದ ಮರದ ತುಂಡು ನನ್ನನ್ನು ನೋಡಿತು. ಮೈ ಜುಮ್ಮೆಂದಿತು.

ಅದನ್ನು ಎದೆಗವಚಿಕೊಂಡು ಮನೆ ಮುಟ್ಟಿದ ಮೇಲೆ ನೋಡುತ್ತೇನೆ, ಬರಿಗಾಲು. ಚಪ್ಪಲಿ ಯಾವಾಗ ಕಳಚಿದೆನೋ, ಆ ಟ್ಯಾಂಕಿಗೇ ಗೊತ್ತು.